ಕಾಫಿ ಕಣದಲ್ಲಿ ಸ್ಕಿಡ್ ಕಲಿತ ಲೆಕ್ಕ

ಜೂನ್ 24

ಭಾವನ ಕಾಫಿ ಕಣ ಖಾಲಿ ಬಿದ್ದಿದೆ. ಆಲ್ದೂರಿನ ಹತ್ತಿರ ಅಕ್ಕನ ಮನೆಯ ಮುಂದೆಯೇ ಇರುವ ಕಣ. ಮುಕ್ಕಾಲು ಭಾಗ ಸಿಮೆಂಟು, ಉಳಿದದ್ದು ಕೆಂಪು ಮಣ್ಣು. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣು ಒಣಗಲು ಬರುವವರೆಗೆ ಅಲ್ಲಿ ನಾಯಿ ಮಲಗುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಅಷ್ಟರೊಳಗೆ ಸೈಕಲ್ ಸ್ಕಿಡ್ ಹೊಡೆದು, ಬಂದ ದಿಕ್ಕಿಗೇ ಮುಖ ಮಾಡಿ ನಿಲ್ಲುವುದನ್ನು ಕಲಿಯಬೇಕು. 180 ಡಿಗ್ರಿ.

ನನಗೆ 38 ವರ್ಷ. ಈ ಆಸೆ ಯಾಕೆ ಬಂತು ಅಂದರೆ, ಏಳನೇ ಕ್ಲಾಸಿನ ಅಕ್ಕನ ಮಗ ಹೋದ ವಾರ ಗೇಟಿನಿಂದ ಬಂದವನೇ ಸರ್ರನೆ ಸೈಕಲ್ ತಿರುಗಿಸಿ ನನ್ನ ಚಪ್ಪಲಿಯ ಪಕ್ಕ ನಿಲ್ಲಿಸಿದ. ಟೀ ಕೂಡ ಚೆಲ್ಲಲಿಲ್ಲ. ಅಷ್ಟೇ ಕಾರಣ.

ಸೈಕಲ್ ಹಳೆಯದು. 26 ಇಂಚಿನ ಎಂಟಿಬಿ, ಅಂದರೆ ಮೌಂಟನ್ ಬೈಕ್, ಗೇರ್ ಇಲ್ಲ. ಹಿಂದೆ ಸವೆದು ಬೋಳಾದ ಟೈರು ಹಾಕಿದ್ದೇನೆ, ಮುಂದೆ ಹೊಸದು. ಹಿಂದಿನದು ಜಾರಬೇಕು, ಮುಂದಿನದು ಯಾವತ್ತೂ ಜಾರಬಾರದು. ಹಿಂದಿನದಕ್ಕೆ ಗಾಳಿಯನ್ನೂ ಗಟ್ಟಿಯಾಗಿ ತುಂಬಿಸಿದೆ. ಗಾಳಿ ಕಡಿಮೆ ಇದ್ದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಅಡ್ಡ ಜಾರುವಾಗ ರಿಮ್ಮಿನಿಂದ ಕಳಚಿಕೊಳ್ಳುವ ಭಯ ಬೇರೆ.

ಮೊದಲ ದಿನ ಹತ್ತು ಸಲ ಹೊಡೆದೆ. ಹತ್ತೂ ನೇರ ಗೆರೆ. ಸೈಕಲ್ ಜಾರಿತು, ತಿರುಗಲಿಲ್ಲ.

ಜುಲೈ 3

ಆರಿದ್ರಾ ಮಳೆ ಬಿಡುತ್ತಿಲ್ಲ. ಕಣದ ಸಿಮೆಂಟಿನ ಮೇಲೆ ಪಾಚಿ ಕಟ್ಟಿದೆ. ಜಾರುವುದಕ್ಕೆ ಒಳ್ಳೆಯದೇ ಅಲ್ವಾ ಅಂದುಕೊಂಡು ಇಳಿದೆ. ಪಾಚಿಗೆ ಹಿಂದಿನ ಚಕ್ರ ಯಾವುದು, ಮುಂದಿನದು ಯಾವುದು ಅಂತ ಗೊತ್ತಾಗುವುದಿಲ್ಲ. ಮುಂದಿನ ಚಕ್ರ ಜಾರಿದರೆ ಯೋಚನೆ ಮಾಡುವಷ್ಟು ಹೊತ್ತು ಸಿಗುವುದಿಲ್ಲ, ನೆಲದ ಮೇಲೆ ಇರುತ್ತೀರಿ. ನಾನೂ ಇದ್ದೆ. ರೇನ್‌ಕೋಟು ಹರಿಯಿತು.

ಇನ್ನು ಮೇಲೆ ಮಳೆಯಲ್ಲಿ ಮಣ್ಣಿನ ಭಾಗ ಮಾತ್ರ, ಅದೂ ಗರಸು ಇರುವ ಕಡೆ.

ಜುಲೈ 19

ಎಡಗೈಯದೇ ದೊಡ್ಡ ತಲೆನೋವು. ನಮ್ಮ ಸೈಕಲ್‌ಗಳಲ್ಲಿ ಬಲಗೈಗೆ ಮುಂದಿನ ಬ್ರೇಕು, ಎಡಗೈಗೆ ಹಿಂದಿನದು. ನಾನು ಇಪ್ಪತ್ತು ವರ್ಷದಿಂದ ಬೈಕ್ ಓಡಿಸುವವನು. ನನ್ನ ಎಡಗೈಗೆ ಗೊತ್ತಿರುವುದು ಕ್ಲಚ್ ಒಂದೇ. ಗಾಬರಿಯಾದ ಕೂಡಲೇ ಬಲಗೈ ತಾನಾಗಿ ಮುಚ್ಚುತ್ತದೆ. ಮುಂದಿನ ಬ್ರೇಕು ಹಿಡಿದು ಒಂದು ಸಲ ಹ್ಯಾಂಡಲ್ ಮೇಲಿಂದ ಹಾರುವುದು ಸ್ವಲ್ಪದರಲ್ಲಿ ತಪ್ಪಿತು. ಸ್ಕೂಟರ್ ಓಡಿಸುವವರಿಗೆ ಈ ಕಷ್ಟ ಇರಲಿಕ್ಕಿಲ್ಲ. ಈಗ ಬಲಗೈಯ ಬೆರಳನ್ನು ಬ್ರೇಕಿನ ಮೇಲೆ ಇಡುವುದೇ ಇಲ್ಲ, ಹಿಡಿಯನ್ನು ಸುತ್ತಿ ಹಿಡಿಯುತ್ತೇನೆ.

ಜುಲೈ 27

ಎರಡು ದಿನ ಬಿಸಿಲು. ಸಿಮೆಂಟು ಒಣಗಿತು. ಸುಮ್ನೆ ಒಂದು ಅಳತೆ ಮಾಡಿ ನೋಡಿದೆ.

ಗೇಟಿನಿಂದ ಕಣಕ್ಕೆ ಇಳಿಜಾರು. ಗೇಟಿನ ಕಂಬದ ಹತ್ತಿರದಿಂದ ತುಳಿಯದೆ ಬಿಟ್ಟರೆ, ಕೆಳಗೆ ಬರುವಾಗ ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ವೇಗ. ಫೋನಿನಲ್ಲಿ ಗಂಟೆಗೆ 18 ಕಿಲೋಮೀಟರ್ ತೋರಿಸಿತು. ಸೀಮೆಸುಣ್ಣದ ಗೆರೆ ಹಾಕಿ, ಅಲ್ಲಿಂದ ಬ್ರೇಕು. ಹಿಂದಿನ ಚಕ್ರ ಲಾಕ್ ಮಾಡಿ ಜಾರಿದರೆ ಐದು ಮೀಟರ್ ಚಿಲ್ಲರೆ. ಎರಡೂ ಬ್ರೇಕು ಹದವಾಗಿ ಹಿಡಿದು, ಜಾರದೆ ನಿಂತರೆ ಮೂರು ಮೀಟರ್.

ಭಾವನಿಗೆ ಹೇಳಿದರೆ ನಂಬಲಿಲ್ಲ. ಚಿಕ್ಕಂದಿನಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದು ಒಂದೇ ಪಾಠ, ಮುಂದಿನ ಬ್ರೇಕ್ ಮುಟ್ಟಬೇಡ. ಆದರೆ ಬ್ರೇಕು ಹಿಡಿದಾಗ ಮೈಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರ ಬೇಗ ಲಾಕ್ ಆಗುತ್ತದೆ. ಜಾರುವ ರಬ್ಬರಿಗೆ ಉರುಳುವ ರಬ್ಬರಿನಷ್ಟು ಹಿಡಿತ ಇಲ್ಲ. ಹಾಗಾಗಿ ಸ್ಕಿಡ್ ಹೊಡೆಯುವುದು ನಿಲ್ಲಿಸುವ ವಿದ್ಯೆಯೇ ಅಲ್ಲ. ಚರಂಡಿಗೆ ಹೋಗುತ್ತಿದ್ದೀರಿ ಅಂದರೆ ಸ್ಕಿಡ್ ಹೊಡೆಯಬೇಡಿ.

ಆಗಸ್ಟ್ 10

ಬಿದ್ದೆ. ಚೆನ್ನಾಗಿಯೇ ಬಿದ್ದೆ.

ಒಣ ಸಿಮೆಂಟು, ಸೈಕಲ್ ಅಡ್ಡ ತಿರುಗಲು ಶುರುವಾಗಿತ್ತು. ಖುಷಿಯಾಗಬೇಕಾದ ಹೊತ್ತಿನಲ್ಲಿ ಹೆದರಿ ಬ್ರೇಕು ಬಿಟ್ಟುಬಿಟ್ಟೆ. ಜಾರುತ್ತಿದ್ದ ಚಕ್ರ ತಟ್ಟನೆ ನೆಲ ಕಚ್ಚಿತು. ಸೈಕಲ್ ಅಡ್ಡ ನಿಂತಿದೆ, ನಾನು ಇನ್ನೂ ಮುಂದಕ್ಕೆ ಹೋಗುತ್ತಿದ್ದೇನೆ. ಎಡಕ್ಕೆ ವಾಲಿದ್ದವನನ್ನು ಬಲಕ್ಕೆ ಎತ್ತಿ ಒಗೆಯಿತು. ಬೈಕ್ ರೇಸಿನವರು ಇದನ್ನು ಹೈಸೈಡ್ ಅನ್ನುತ್ತಾರೆ. ಮೊಣಕೈ ತರಚಿತು, ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು. ಒಳಕ್ಕೆ ವಾಲಿ ಜಾರಿ ಬೀಳುವುದು ಇದರ ಮುಂದೆ ಹಾಸಿಗೆ. ಅಡ್ಡ ಆದ ಮೇಲೆ ಬ್ರೇಕು ಬಿಡಬಾರದು. ಸೈಕಲ್ ನಿಲ್ಲುವವರೆಗೆ ಹಿಡಿದೇ ಇರಬೇಕು.

ಅಕ್ಕ ಅರಿಶಿನ ಹಚ್ಚುತ್ತಾ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ 23

ಮಘೆ ಮಳೆ, ಮೊಣಕೈ ನೋವು, ಸವಾರಿ ಇಲ್ಲ. ಕೂತು ಓದಿದ್ದು ಮಾತ್ರ.

ಕಾರಿನ ಹಾಗೆ ಸೈಕಲ್‌ನಲ್ಲಿ ಡ್ರಿಫ್ಟ್, ಅಂದರೆ ಅಡ್ಡ ಜಾರಿಕೊಂಡೇ ಮುಂದೆ ಹೋಗುವುದು, ಆಗುವುದಿಲ್ಲ. ಕಾರಿನಲ್ಲಿ ಇಂಜಿನ್ನಿನ ಬಲಕ್ಕೆ ಹಿಂದಿನ ಚಕ್ರ ತಿರುಗುತ್ತಲೇ ಜಾರುತ್ತದೆ, ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಒಣ ನೆಲದಲ್ಲಿ ಚಕ್ರವನ್ನು ಹಾಗೆ ಸುತ್ತಿಸುವ ಶಕ್ತಿ ನಮ್ಮ ಕಾಲಿಗಿಲ್ಲ. ನಮ್ಮ ಚಕ್ರ ನಿಂತು ಜಾರುತ್ತದೆ, ವೇಗ ತಿನ್ನುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕೇ ಡ್ರಿಫ್ಟ್ ಟ್ರೈಕ್ ಅನ್ನುವ ಮೂರು ಚಕ್ರದ ಗಾಡಿಗಳ ಹಿಂದಿನ ಚಕ್ರಕ್ಕೆ ಪಿವಿಸಿ ಪೈಪಿನ ತುಂಡು ತೊಡಿಸುತ್ತಾರೆ. ಹಿಡಿತವೇ ಇಲ್ಲದ ಮೇಲೆ ಇಳಿಜಾರಿನಲ್ಲಿ ಸುಮ್ಮನೆ ಕೂತರೂ ಜಾರುತ್ತದೆ. ಅದು ನನಗೆ ಮೋಸ ಅನ್ನಿಸಿತು.

ಇಷ್ಟವಾದದ್ದು ಸೈಕಲ್ ಸ್ಪೀಡ್‌ವೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹುಡುಗರು ಬಾಂಬು ಬಿದ್ದು ಬಯಲಾದ ಜಾಗಗಳಲ್ಲಿ ಶುರುಮಾಡಿದ ಆಟ. ಒಂದೇ ಗೇರು, ಬ್ರೇಕೇ ಇಲ್ಲ, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ಎಡಗಾಲು ನೆಲಕ್ಕೆ ಕೊಟ್ಟು ಜಾರಿಕೊಂಡೇ ತಿರುವು ದಾಟುತ್ತಾರೆ. ನಾನೂ ಯಾಕೆ ಎಡಕ್ಕೇ ತಿರುಗಿಸುವುದು ಅಂತ ಯೋಚಿಸಿದೆ. ಉತ್ತರ ಸಿಗಲಿಲ್ಲ. ಬಲಕ್ಕೆ ತಿರುಗಿಸಲು ಇವತ್ತಿಗೂ ಭಯ.

ಸೆಪ್ಟೆಂಬರ್ 14

ಇವತ್ತು ಬಂತು!

ಹುಡುಗ ಜಗಲಿ ಮೇಲೆ ಕೂತು ನೋಡುತ್ತಿದ್ದ. "ಮಾವ, ನೀನು ಬ್ರೇಕ್ ಹಿಡಿದ ಮೇಲೆ ತಿರುಗಿಸ್ತೀಯ. ಮೊದಲು ತಿರುಗಿಸು, ಆಮೇಲೆ ಹಿಡಿ" ಅಂದ. ಮೂರು ತಿಂಗಳು ನಾನು ಬ್ರೇಕಿನಿಂದಲೇ ಎಲ್ಲ ಆಗುತ್ತದೆ ಅಂದುಕೊಂಡಿದ್ದೆ. ನೇರ ಹೋಗುವಾಗ ಲಾಕ್ ಮಾಡಿದರೆ ಚಕ್ರ ನೇರವೇ ಜಾರುತ್ತದೆ, ಇನ್ನೇನು ಮಾಡೀತು?

ಈಗ ಹೀಗೆ ಮಾಡುತ್ತೇನೆ. ತುಳಿಯುವುದು ನಿಲ್ಲಿಸಿ ಎಡ ಪೆಡಲ್ ಮೇಲಕ್ಕೆ. ಅದು ಕೆಳಗಿದ್ದರೆ ವಾಲಿದಾಗ ನೆಲಕ್ಕೆ ಹೊಡೆಯುತ್ತದೆ. ಪೃಷ್ಠ ಸೀಟಿನಿಂದ ಒಂದಿಷ್ಟು ಎದ್ದು, ಭಾರ ಮುಂದಕ್ಕೆ. ಎಡಕ್ಕೆ ವಾಲಿ, ಹ್ಯಾಂಡಲ್ ಸ್ವಲ್ಪ ಎಡಕ್ಕೆ, ಸೈಕಲ್ ತಿರುವು ಹಿಡಿದ ಮೇಲೆ ಹಿಂದಿನ ಬ್ರೇಕು ಗಟ್ಟಿಯಾಗಿ. ಲಾಕ್ ಆದ ಚಕ್ರಕ್ಕೆ ಅಡ್ಡ ಹಿಡಿತವೂ ಹೋಗುತ್ತದೆ, ಹಿಂಭಾಗ ಬಾಲ ಬೀಸಿದ ಹಾಗೆ ಬಲಕ್ಕೆ ಹೋಗುತ್ತದೆ. ಎಡಗಾಲು ನೆಲಕ್ಕೆ ತಾಗಲು ತಯಾರಾಗಿರುತ್ತದೆ. ಇನ್ನು ಕಣ್ಣು. ಚಕ್ರ ನೋಡಬಾರದು, ಬಂದ ಗೇಟನ್ನೇ ನೋಡಬೇಕು. ತಲೆ ತಿರುಗಿದ ಕಡೆ ಸೊಂಟ, ಸೊಂಟದ ಹಿಂದೆ ಸೈಕಲ್.

ಮೊದಲ ಸಲಕ್ಕೇ 90 ದಾಟಿತು. ಸಂಜೆ ಹೊತ್ತಿಗೆ 120, 130. ಹುಡುಗನಿಗೆ ಐಸ್‌ಕ್ರೀಮ್.

ಅಕ್ಟೋಬರ್ 5

ಟೈರು ಸತ್ತಿತು. ಒಂದು ಕಡೆ ರಬ್ಬರ್ ಪೂರ್ತಿ ಹೋಗಿ ನೂಲು ಕಾಣುತ್ತಿದೆ. ಚಿಕ್ಕಮಗಳೂರಿನ ಪಂಚರ್ ಅಂಗಡಿಯವರು ಕೈಯಲ್ಲಿ ಸವರಿ ನೋಡಿ, "ಏನ್ ಸಾರ್, ಅರ ಹಾಕಿ ಉಜ್ಜಿದ್ರಾ?" ಅಂದರು. ಅವರ ಹತ್ತಿರವೇ ಇನ್ನೊಂದು ಬೋಳು ಟೈರು ಇತ್ತು, ದುಡ್ಡು ತೆಗೆದುಕೊಳ್ಳಲಿಲ್ಲ.

ತುಳಿಯದಿದ್ದರೂ ಚಕ್ರ ಉರುಳಲು ಬಿಡುವುದು ಫ್ರೀವೀಲ್. ಅದು ಇಲ್ಲದ ಫಿಕ್ಸಿ ಸೈಕಲ್‌ನವರಿಗೆ ಈ ಸವೆತದ ಲೆಕ್ಕ ಬಾಯಿಪಾಠ. ಅವರು ಕಾಲಿನಿಂದಲೇ ಚಕ್ರ ಲಾಕ್ ಮಾಡುವುದರಿಂದ ಪೆಡಲ್ ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಚೈನು ಕೂರುವ ಹಲ್ಲು ಮುಂದೆ 48, ಹಿಂದೆ 16 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು, ಟೈರಿನ ಅದೇ ಜಾಗ ಪ್ರತಿ ಸಲ ಉಜ್ಜುತ್ತದೆ. 46 ಮತ್ತು 17 ಹಾಕಿದರೆ, ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಲು ಆಗದ್ದರಿಂದ, 17 ಜಾಗಕ್ಕೆ ಹಂಚಿಹೋಗುತ್ತದೆ. ನನ್ನದು 44 ಮತ್ತು 18. ಎರಡರಿಂದ ಭಾಗಿಸಿದರೆ 22 ಮತ್ತು 9, ಅಂದರೆ ಫಿಕ್ಸಿ ಮಾಡಿದರೆ ಒಂಬತ್ತು ಜಾಗ. ನನಗೆ ಫ್ರೀವೀಲ್ ಇರುವುದರಿಂದ ಚಕ್ರ ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೂ ಒಂದೇ ಜಾಗ ಸವೆಯಿತು. ಒಣ ಸಿಮೆಂಟಿನಲ್ಲಿ ಜಾಸ್ತಿ ಉದ್ದ ಎಳೆದದ್ದೇ ತಪ್ಪು.

ಅಕ್ಟೋಬರ್ 26

180. ಮೂರು ಸಲ. ಹುಡುಗ ಸಾಕ್ಷಿ. ಒಂದು ಸಲ ಕಾಲು ನೆಲಕ್ಕೆ ತಾಗಲೇ ಇಲ್ಲ. ವಿಡಿಯೋ ಮಾಡಲು ಹೇಳಿದ್ದೆ, ಅವನ ಬೆರಳು ಕ್ಯಾಮೆರಾ ಮೇಲೆ ಇತ್ತು.

ನವೆಂಬರ್ 9

ಬೆಳಗ್ಗೆ ಭಾವ ಕಣ ನೋಡಿ ನನ್ನನ್ನು ಕರೆದರು. ಸಿಮೆಂಟಿನ ಮೇಲೆ ಕಪ್ಪು ಗೆರೆಗಳು, ಕೆಲವು ನೇರ, ಕೆಲವು ಕುಡುಗೋಲಿನ ಹಾಗೆ ಬಾಗಿದವು. "ಕಾಫಿ ಪಕ್ಕದಲ್ಲಿ ಏನಿದ್ರೆ ಆ ವಾಸನೆ ಹೀರ್ಕೊಳ್ಳುತ್ತೆ ಕಣೋ. ರಬ್ಬರ್ ವಾಸನೆ ಬಂತು ಅಂದ್ರೆ ಆ ಮೂಟೆಯೆಲ್ಲ ನೀನೇ ಕೊಂಡ್ಕೊ" ಅಂದರು. ತಮಾಷೆಗೆ ಅಂದದ್ದಲ್ಲ.

ಪಾಚಿಗೆ ಬ್ಲೀಚಿಂಗ್ ಪೌಡರ್, ಗೆರೆಗಳಿಗೆ ಸೋಪಿನ ನೀರು, ತಂತಿ ಬ್ರಷ್. ಆಮೇಲೆ ಆ ಸೋಪು, ಬ್ಲೀಚಿಂಗ್ ವಾಸನೆಯೂ ಹೋಗಬೇಕಂತೆ, ಕೊಡಗಟ್ಟಲೆ ನೀರು ಹೊಯ್ದು ತೊಳೆದದ್ದು. ಹುಡುಗ ಅರ್ಧ ಗಂಟೆ ಉಜ್ಜಿ ಟ್ಯೂಷನ್ ಇದೆ ಅಂತ ಓಡಿದ. ನೇರ ಗೆರೆಗಳು ಬೇಗ ಹೋದವು. ಬಾಗಿದ ಮೂರು ಗೆರೆಗಳು ಸಂಜೆಯವರೆಗೆ ಬಿಡಲಿಲ್ಲ. ನಾಳೆ ಮೊದಲ ಕೊಯ್ಲು.