ಆಕ್ಸ್ ಲೈಟ್ ಫ್ಯೂಸ್ ತಿನ್ನುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ

ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ಹಾಕಿದ ಆಕ್ಸ್ ಲೈಟ್, ಅಂದರೆ ಹೆಚ್ಚುವರಿ ದೀಪಗಳ ಫ್ಯೂಸ್ ಯಾಕೆ ಹೋಗುತ್ತಿತ್ತು ಅನ್ನೋದು ಗೊತ್ತಾಯಿತು. ಕಾರಣ ನನ್ನ ಬೆರಳಿನ ಉಗುರಿನಷ್ಟು ದೊಡ್ಡದು. ಅದಕ್ಕಾಗಿ ಟ್ಯಾಂಕ್ ಎಷ್ಟು ಸಲ ಬಿಚ್ಚಿದೆ ಅಂತ ಕೇಳಬೇಡಿ, ಬೋಲ್ಟುಗಳಿಗೂ ನನ್ನ ಮುಖ ನೋಡಿ ಬೇಜಾರಾಗಿದೆ.

ಕ್ರ್ಯಾಶ್ ಗಾರ್ಡಿಗೆ ಲೈಟ್ ಕೂರಿಸಿದ್ದು, ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಜಾಗ ಹುಡುಕಿದ್ದು, ಹ್ಯಾಂಡಲ್ ಮೇಲೆ ಸ್ವಿಚ್ ಹಾಕಿದ್ದು ಇದನ್ನೆಲ್ಲ ಬರೆಯೋದಿಲ್ಲ. ರಿಲೇ ಕಾಲುಗಳ ನಂಬರು 30, 85, 86, 87 ನಿಮಗೂ ಬಾಯಿಪಾಠ ಇರುತ್ತೆ. ರಿಲೇ ಆನ್ ಆಗೋಕೆ ಪಾರ್ಕಿಂಗ್ ಲೈಟಿನಿಂದ ಟ್ರಿಗರ್, ದೀಪಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ಕರೆಂಟ್. ಅಷ್ಟೇ.

ತೊಂದರೆ ಹೀಗಿತ್ತು. ಮನೆ ಮುಂದೆ ನಿಂತಾಗ ಎಲ್ಲ ಚೆನ್ನಾಗಿ ಉರಿಯುತ್ತಿತ್ತು. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ತನಕ ಒಂದು ದೂರೂ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿ, ಮಂಜು ಮುಸುಕಿ, ದೀಪ ನಿಜವಾಗಿ ಬೇಕು ಅನ್ನೋ ತಿರುವಿನಲ್ಲೇ ಎರಡೂ ಢಮಾರ್. ಫ್ಯೂಸ್ ಬದಲಿಸಿದೆ, ಸ್ವಲ್ಪ ದೂರ ಬಂತು, ಮತ್ತೊಂದು ತಿರುವಿನಲ್ಲಿ ಅದೂ ಹೋಯಿತು. ಉಜಿರೆ ತನಕ ಹೆಡ್‌ಲೈಟ್ ನಂಬಿಕೊಂಡು, ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದೆ ಸುಮ್ನೆ ಬಂದೆ.

ಲೈಟಿನ ಡಬ್ಬದ ಮೇಲೆ 120 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇದೆ. ಮಲ್ಟಿಮೀಟರ್ ಸೀರೀಸಿನಲ್ಲಿ ಹಾಕಿ ನೋಡಿದರೆ ಒಂದು ಲೈಟಿಗೆ 1.6 ಆಂಪಿಯರ್. 13 ವೋಲ್ಟಿನ ಲೆಕ್ಕದಲ್ಲಿ 21 ವ್ಯಾಟ್ ಆಗುತ್ತೆ. ಎರಡೂ ಸೇರಿದರೂ 120ರ ಹತ್ತಿರಕ್ಕೂ ಬರೋದಿಲ್ಲ. ಈ ವ್ಯಾಟೇಜ್ ಬರೆಯೋರಿಗೆ ಯಾವ ದೇವರ ಭಯವೂ ಇಲ್ಲ. ಇರಲಿ, ಎರಡಕ್ಕೂ ಸೇರಿ 3.2 ಆಂಪಿಯರ್. ರೆಡಿ ವೈರಿಂಗ್ ಕಿಟ್ ಜೊತೆ ಬಂದಿದ್ದು ನೀಲಿ ಫ್ಯೂಸ್, ಅಂದರೆ 15 ಆಂಪಿಯರ್. 3.2 ಎಳೆಯೋ ಲೈಟಿಗೆ 15ರ ಫ್ಯೂಸ್ ಹೋಗುತ್ತೆ ಅಂದರೆ ಲೋಡ್ ಜಾಸ್ತಿಯಾಗಿ ಅಲ್ಲ. ಎಲ್ಲೋ ಪ್ಲಸ್ ವೈರ್ ನೇರವಾಗಿ ಬೈಕಿನ ಲೋಹದ ಬಾಡಿಗೆ ತಾಗುತ್ತಿದೆ, ಅಂದರೆ ಶಾರ್ಟ್ ಆಗುತ್ತಿದೆ ಅಂತ ಅರ್ಥ.

ಪರಿಚಯದ ಮೆಕ್ಯಾನಿಕ್ ಒಬ್ಬರ ಸಲಹೆ ಇದು: "ಸರ್, ಇಪ್ಪತ್ತು ಹಾಕ್ಬಿಡಿ, ತಲೆನೋವೇ ಇರಲ್ಲ." ನಿಜ, ವೈರ್ ಸುಟ್ಟು ಹೋದಮೇಲೆ ತಲೆನೋವು ಇರೋದಿಲ್ಲ, ಬೈಕೂ ಇರೋದಿಲ್ಲ. ಫ್ಯೂಸ್ ಇರೋದು ಲೈಟ್ ಉಳಿಸೋಕೆ ಅಲ್ಲ, ವೈರ್ ಉಳಿಸೋಕೆ. ಆ ಕಿಟ್ಟಿನ ವೈರೋ, ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ಕೂದಲಿನಂಥ ನಾಲ್ಕು ಎಳೆ. ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಎದ್ದು ಒಳಗೆ ಬೆಳ್ಳಗೆ ಕಂಡಿತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಇದಕ್ಕೆ 15 ಆಂಪಿಯರ್ ಫ್ಯೂಸೇ ಜಾಸ್ತಿಯಾಯಿತು.

ಮೀಟರಿನ ಬೀಪ್ ಮೋಡಿನಲ್ಲಿ ಪ್ಲಸ್‌ಗೂ ಬಾಡಿಗೂ ನೋಡಿದೆ. ಏನೂ ಇಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ವೈರ್ ಹಿಡಿದು ಅಲ್ಲಾಡಿಸಿ ನೋಡಿದೆ. ಮೀಟರ್ ತುಟಿ ಬಿಚ್ಚಲಿಲ್ಲ. ತಣ್ಣಗಿರೋ ಬೈಕು ಸಾಧು ಥರ ನಿಂತಿತ್ತು. ಅಲ್ಲಿಗೆ ಒಂದು ಅನುಮಾನ ಬಂತು. ತಪ್ಪು ಬರೋದು ಎಂಜಿನ್ ಕಾದಮೇಲೆ ಮಾತ್ರ. ಹಾಗಾದರೆ ಓಡುವಾಗಲೇ ಹಿಡಿಯಬೇಕು.

ಇಲ್ಲಿ ಕೆಲಸಕ್ಕೆ ಬಂದಿದ್ದು ಹಳೆ ಕಾಲದ ಎಲೆಕ್ಟ್ರಿಷಿಯನ್‌ಗಳ ಉಪಾಯ. ಸುಟ್ಟುಹೋದ ಒಂದು ಫ್ಯೂಸ್ ತಗೊಂಡು, ಅದರ ಎರಡು ಕಾಲಿಗೂ ವೈರ್ ಬೆಸುಗೆ ಹಾಕಿ, ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಜೋಡಿಸಿದೆ. ಫ್ಯೂಸ್ ಜಾಗದಲ್ಲಿ ಅದನ್ನೇ ಸಿಕ್ಕಿಸಿದೆ. ಎರಡೂ ಲೈಟಿನ ಕನೆಕ್ಟರ್ ಬಿಚ್ಚಿಟ್ಟು ಸ್ವಿಚ್ ಆನ್. ಈಗ ಬಲ್ಬ್ ಉರಿಯೋಕೆ ಕಾರಣವೇ ಇಲ್ಲ, ಶಾರ್ಟ್ ಆದರೆ ಮಾತ್ರ ಉರಿಯಬೇಕು. ಶಾರ್ಟ್ ಆದರೂ ಬಲ್ಬ್ ದಾಟಿ ಎರಡು ಆಂಪಿಯರ್ ಕೂಡ ಹೋಗೋದಿಲ್ಲ, ಹಾಗಾಗಿ ಏನೂ ಸುಡೋದಿಲ್ಲ. ಫ್ಯೂಸ್ ಮೇಲೆ ಫ್ಯೂಸ್ ಸುಡೋ ಖರ್ಚೂ ಇಲ್ಲ. ಬಲ್ಬನ್ನು ಸ್ಪೀಡೋಮೀಟರ್ ಪಕ್ಕ ಟೇಪ್ ಸುತ್ತಿ ಅಂಟಿಸಿ, ಸಂಜೆ ಕನಕಪುರ ರಸ್ತೆಗೆ ಹೊರಟೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಸ್ಕೂಟರಿನ ಹುಡುಗ ಆ ಬಲ್ಬನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದ.

ಹಾರೋಹಳ್ಳಿ ತನಕ ಬಲ್ಬ್ ಸತ್ತಂತಿತ್ತು. ಅಲ್ಲಿ ಯು ಟರ್ನ್ ಹೊಡೆಯೋಕೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ ನೋಡಿ, ಫಳ್ ಅಂತ ಹತ್ತಿತು! ನೇರ ಮಾಡಿದೆ, ಆರಿತು. ಮತ್ತೆ ಎಡಕ್ಕೆ, ಮತ್ತೆ ಬೆಳಕು. ರಸ್ತೆ ಪಕ್ಕ ನಿಂತು ಆನ್ ಆಫ್ ಆಡುತ್ತಾ ನಗುತ್ತಿದ್ದವನನ್ನು ನೋಡಿ ಟೀ ಅಂಗಡಿಯವರು ಏನು ಅಂದುಕೊಂಡರೋ.

ಮನೆಗೆ ಬಂದು ಎಂಜಿನ್ ತಣ್ಣಗಾಗೋ ಮುಂಚೆ ಟ್ಯಾಂಕ್ ಎತ್ತಿದೆ. ಕಿಟ್ಟಿನ ಕಪ್ಪು ಸುರುಳಿ ಪೈಪನ್ನು ಉದ್ದಕ್ಕೆ ಸೀಳಿದೆ. ಎರಡು ಲೈಟಿಗೆ ವೈರ್ ಕವಲಾಗೋ ಜಾಗದಲ್ಲಿ ಇತ್ತು ಆ ಜಾಯಿಂಟ್. ಬೆಸುಗೆ ಇಲ್ಲ, ಕ್ರಿಂಪ್ (ಲೋಹದ ಕೊಳವೆಯಲ್ಲಿ ವೈರ್ ಒತ್ತಿ ಕೂರಿಸೋದು) ಇಲ್ಲ. ಮೂರು ವೈರ್ ತುದಿ ಸೇರಿಸಿ ತಿರುಚಿ, ಮೇಲೆ ಒಂದೂವರೆ ಸುತ್ತು ಟೇಪ್. ಬಿಸಿಗೆ ಟೇಪಿನ ಅಂಟು ಕರಗಿ ಹಲಸಿನ ಮೇಣದ ಹಾಗೆ ಜಾರುತ್ತಿತ್ತು. ಟೇಪ್ ಹಿಂದಕ್ಕೆ ಸರಿದು ತುದಿ ಬೆತ್ತಲೆ ನಿಂತು, ಪೈಪಿನ ಸೀಳಿನಿಂದ ಹೊರಗೆ ಇಣುಕಿತ್ತು. ಎದುರಿಗೇ ಫ್ರೇಮಿನ ಒಂದು ಬ್ರಾಕೆಟ್ ಅಂಚು, ಅದರ ಮೇಲೆ ಪೇಂಟ್ ಹಾರಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಹ್ಯಾಂಡಲ್ ಎಡಕ್ಕೆ ಹೋದಾಗ ಸ್ವಿಚ್ಚಿನ ಕೇಬಲ್ ಇಡೀ ಕಟ್ಟನ್ನು ಎಳೆದು ಆ ತುದಿಯನ್ನು ಅಂಚಿಗೆ ಒತ್ತುತ್ತಿತ್ತು. ತಣ್ಣಗಾದರೆ ಟೇಪ್ ಗಟ್ಟಿಯಾಗಿ ವೈರನ್ನು ಅಂಚಿಗೆ ತಾಗದಂತೆ ಹಿಡಿದುಕೊಳ್ಳುತ್ತಿತ್ತು, ಅದಕ್ಕೇ ಮೀಟರ್ ಸುಮ್ಮನಿತ್ತು.

ಕಿಟ್ ಮಾರಿದ ಅಂಗಡಿಗೆ ಫೋಟೋ ಕಳಿಸಿದೆ. "ಪೈಪ್ ಕಟ್ ಮಾಡಿದೀರಲ್ಲ ಸರ್, ವಾರಂಟಿ ಬರಲ್ಲ" ಅಂತ ಉತ್ತರ. ಪೈಪ್ ಕಟ್ ಮಾಡದೆ ಒಳಗಿರೋದು ಕಾಣೋದು ಹೇಗೆ ಅಂದರೆ ಒಂದು ಕೈ ಮುಗಿದ ಚಿತ್ರ ಬಂತು. ಪ್ಲಗ್ ಅಂಡ್ ಪ್ಲೇ ಅಂತೆ! ರೆಡಿ ಕಿಟ್ ತಗೊಳ್ಳೋರು ದಯವಿಟ್ಟು ಮೊದಲೇ ಪೈಪ್ ಸೀಳಿ ನೋಡಿ. ವಾರಂಟಿ ಹೇಗೂ ಸಿಗೋದಿಲ್ಲ.

ಹೊಸ ವೈರಿಂಗಿಗೆ ಬೆಂಗಳೂರಿನ ಎಸ್‌ಪಿ ರೋಡಿಗೂ ಜೆಸಿ ರೋಡಿಗೂ ಅಲೆದೆ. ಒಳ್ಳೆ ತಾಮ್ರದ 1.5 ಚದರ ಮಿಲಿಮೀಟರ್ ಆಟೋ ಕೇಬಲ್ ಬೇಕಿದ್ದಕ್ಕಿಂತ ಡಬಲ್ ತಗೊಂಡೆ. ಮಿಕ್ಕಿದ್ದು ಮಾವನ ಹಳೆ ಬೈಕು ಯೆಜ್ಡಿ 250ಗೆ. ಮೈಸೂರಿನಲ್ಲಿ ಅದು ವರ್ಷಗಳಿಂದ ಗೋಣಿಚೀಲ ಹೊದ್ದು ಕೂತಿದೆ. ಹುಟ್ಟಿದ್ದೂ ಅದೇ ಊರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ. ಆ ಗಾಡಿ 6 ವೋಲ್ಟ್. ಅದೇ ವ್ಯಾಟಿಗೆ ಎರಡು ಪಟ್ಟು ಆಂಪಿಯರ್ ಎಳೆಯುತ್ತೆ, ವೈರಿನಲ್ಲಿ ಅರ್ಧ ವೋಲ್ಟ್ ಕಳೆದರೂ ಬಲ್ಬ್ ಕೆಂಪಗೆ ನರಳುತ್ತೆ. 12 ವೋಲ್ಟಿಗೆ ಬದಲಿಸೋಣ ಅಂದರೆ ಮಾವ ಮಾತು ಬಿಡ್ತಾರೆ. ಹಾಗಾಗಿ 6ರಲ್ಲೇ ಇಟ್ಟು ದಪ್ಪ ವೈರ್, ಹೊಸ ಅರ್ತ್, ಡೈನಮೋಗೆ ಹೊಸ ಬ್ರಷ್. ಅದರ ಕಥೆ ಬೇರೆಯೇ ಬರೆಯುತ್ತೇನೆ.

ಹಿಮಾಲಯನ್‌ಗೆ ವಾಪಸ್ ಬರೋಣ. ಫ್ಯೂಸ್ ಈಗ 5 ಆಂಪಿಯರ್, ಬ್ಯಾಟರಿ ಪ್ಲಸ್ಸಿನಿಂದ ನಾಲ್ಕು ಬೆರಳು ದೂರದಲ್ಲೇ. ಕಿಟ್ಟಿನಲ್ಲಿ ಫ್ಯೂಸ್ ರಿಲೇ ಪಕ್ಕ ಇತ್ತು, ಬ್ಯಾಟರಿಯಿಂದ ಅಲ್ಲಿ ತನಕದ ವೈರಿಗೆ ಕಾವಲೇ ಇರಲಿಲ್ಲ. ಕವಲಿನಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕಿದೆ. ಬೆಸುಗೆ ಪಕ್ಷದವರು ಜಗಳಕ್ಕೆ ಬರಬಹುದು. ಬರಲಿ, ಈ ಗಾಡಿಯ ನಡುಕಕ್ಕೆ ನನ್ನ ಓಟು ಕ್ರಿಂಪಿಗೇ. ಅರ್ತ್ ಕ್ರ್ಯಾಶ್ ಗಾರ್ಡಿಗೆ ಕೊಡದೆ ಬ್ಯಾಟರಿ ಮೈನಸ್ಸಿಗೆ ಎಳೆದೆ. ಸ್ವಿಚ್ ಕೇಬಲ್ಲಿಗೆ ಹ್ಯಾಂಡಲ್ ಹತ್ತಿರ ಸಡಿಲ ಬಿಟ್ಟು ಬೇರೆ ಕಟ್ಟಿದೆ. ರಿಲೇ ಆಫ್ ಆದಾಗ ಅದರ ಕಾಯಿಲ್ಲಿನಿಂದ ಚಿಮ್ಮೋ ವೋಲ್ಟೇಜ್ ತಡೆಯೋಕೆ ಕಾಯಿಲ್ ಮೇಲೆ ಒಂದು 1N4007 ಡಯೋಡ್. ಮುಂಚೆ ಬ್ಯಾಟರಿಯಿಂದ ಲೈಟಿಗೆ ಬರೋಷ್ಟರಲ್ಲಿ 0.9 ವೋಲ್ಟ್ ಕಳೆಯುತ್ತಿತ್ತು, ಈಗ 0.2. ಎಲ್‌ಇಡಿ ಆದ್ದರಿಂದ ಬೆಳಕಿನಲ್ಲಿ ವ್ಯತ್ಯಾಸ ಕಾಣೋದಿಲ್ಲ, ಹ್ಯಾಲೊಜನ್ ಆಗಿದ್ದರೆ ಕಣ್ಣಿಗೇ ಗೊತ್ತಾಗೋದು.

ಮಂಜಿಗೆ ಹಳದಿಯೇ ಬೇಕಾ ಅಂತ ಕೇಳೋರಿಗೆ: ಬಣ್ಣಕ್ಕಿಂತ ಲೈಟ್ ಎಷ್ಟು ಕೆಳಗಿದೆ, ಮೇಲಕ್ಕೆ ಎಷ್ಟು ಚೆಲ್ಲುತ್ತೆ ಅನ್ನೋದೇ ಮುಖ್ಯ. ನಾನು ಹಳದಿ ಹಾಕಿದ್ದು ಕಣ್ಣಿಗೆ ಹಿತ ಅಂತ ಅಷ್ಟೇ. ಊರೊಳಗೆ ಮುಚ್ಚಳ ಹಾಕಿರುತ್ತೇನೆ. 2024ರಲ್ಲಿ ನಮ್ಮ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿಗಳ ಮೇಲೆ ಕೇಸ್ ಹಾಕೋಕೆ ಹೊರಟಿದ್ದು ನೆನಪಿದೆಯಲ್ವಾ? ಎದುರು ಬರೋನ ಕಣ್ಣೂ ನಮ್ಮಂಥದ್ದೇ.

ಹೊಸ ವೈರಿಂಗಿನಲ್ಲಿ ಚಾರ್ಮಾಡಿ ಇಳಿದು ಹತ್ತಿದ್ದಾಯಿತು, ಮಳೆಯಲ್ಲೇ. ಫ್ಯೂಸ್ ಹಾಗೇ ಇದೆ. ಆದರೆ ಬಲಗಡೆ ಲೈಟಿನ ಗಾಜಿನೊಳಗೆ ಈಗ ಹಬೆ ಕೂತಿದೆ. ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತಲೂ ಇದೆ, 120 ವ್ಯಾಟ್ ಅಂತ ಬರೆದವರದ್ದೇ ಕೈಬರಹ ಇರಬೇಕು. ಭಾನುವಾರ ಗಾಜು ಬಿಚ್ಚಿ ಸಿಲಿಕೋನ್ ಹಚ್ಚಬೇಕು.