ಸಣ್ಣ ಕ್ಲಿನಿಕ್‌ನಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

ಮೊದಲು ಒಂದು ಲೆಕ್ಕ. ಬಾಡಿಗೆ, ಇಬ್ಬರ ಸಂಬಳ, ಕರೆಂಟು, ಫೋನು, ಜೈವಿಕ ತ್ಯಾಜ್ಯ ಒಯ್ಯುವವರ ಶುಲ್ಕ, ಉಪಕರಣಗಳ ಸವಕಳಿ ಎಲ್ಲ ಸೇರಿ ತಿಂಗಳಿಗೆ 75,000 ರೂಪಾಯಿ ಎಂದಿಟ್ಟುಕೊಳ್ಳಿ. 25 ದಿನ ತೆರೆದರೆ ದಿನಕ್ಕೆ 3,000. ಫೀಸು 200 ಆದರೆ ಮೊದಲ 15 ರೋಗಿಗಳ ಹಣ ಖರ್ಚಿಗೇ ಹೋಯಿತು. ನಿಮ್ಮ ಸಂಪಾದನೆ ಶುರುವಾಗುವುದು 16ನೆಯವರಿಂದ. ನಿಮ್ಮ ಕ್ಲಿನಿಕ್‌ನ ಈ ಸಂಖ್ಯೆ ಗೊತ್ತಿಲ್ಲದಿದ್ದರೆ, ಫೀಸು ಏರಿಸಬೇಕೋ, ಸಂಜೆ ಇನ್ನೊಂದು ಗಂಟೆ ಕೂರಬೇಕೋ ಎನ್ನುವುದೆಲ್ಲ ಬರೀ ಊಹೆ.

ಡಾಕ್ಟರೇ ತೂಕ, ಬಿಪಿ, ಜ್ವರ ನೋಡಿ ಬರೆದುಕೊಂಡರೆ ಒಬ್ಬರಿಗೆ ಎರಡು ನಿಮಿಷ. 30 ಮಂದಿಗೆ ಒಂದು ಗಂಟೆ! ಇದನ್ನು ಹೊರಗೆ ಕೂತ ಸಿಸ್ಟರ್ ಮಾಡಲಿ. ಈಗ ತೆಗೆದುಕೊಳ್ಳುತ್ತಿರುವ ಮದ್ದುಗಳನ್ನೂ ಅವರೇ ಚೀಟಿಯ ಮೇಲೆ ಬರೆದಿಡಲಿ. ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿಯೇ ಬಿಪಿ ನೋಡಬೇಕು. ಇಲ್ಲವಾದರೆ ಹೆಚ್ಚು ತೋರಿಸುತ್ತದೆ, ಒಳಗೆ ಮತ್ತೊಮ್ಮೆ ನೋಡಬೇಕಾಗುತ್ತದೆ, ಉಳಿಸಿದ ಸಮಯ ಅಲ್ಲಿಗೆ ಹೋಯಿತು.

ನಮ್ಮ ಕರಾವಳಿ ಕಡೆ ರೋಗಿಗಳು ಬರುವುದು ಬಸ್ಸಿನ ಸಮಯಕ್ಕೆ. ಕಾರ್ಕಳವೋ ಕುಂದಾಪುರವೋ, ಒಂದು ಬಸ್ಸು ನಿಂತರೆ ಏಳೆಂಟು ಮಂದಿ ಒಟ್ಟಿಗೆ ಒಳಗೆ ಬರುತ್ತಾರೆ, ಆಮೇಲೆ ಅರ್ಧ ಗಂಟೆ ಯಾರೂ ಇಲ್ಲ. ಅರ್ಧ ಗಂಟೆಗೆ ಐದು ಟೋಕನ್ ಇಟ್ಟು, ಅದರಲ್ಲಿ ನಾಲ್ಕನ್ನು ಮಾತ್ರ ಫೋನಿನಲ್ಲಿ ಕೊಡಿ. ಐದನೆಯದು ಹೇಳದೆ ಬರುವವರಿಗೆ, ತುರ್ತಿನವರಿಗೆ. ಬುಕ್ ಮಾಡುವಾಗಲೇ "ಬಸ್ಸಿಗೆ ಬರ್ತೀರಾ, ನಿಮ್ಮ ಗಾಡಿಯಾ?" ಎಂದು ಕೇಳಿ, ಸಂಜೆಯ ಮೊದಲ ಟೋಕನ್‌ಗಳನ್ನು ಬಸ್ಸಿನವರಿಗೆ ಕೊಡಬೇಕು. ಕೊನೆಯ ಬಸ್ಸು ತಪ್ಪುವ ಭಯದಲ್ಲಿ ಎದ್ದುಹೋದವರು ಮುಂದಿನ ಸಲ ಬೇರೆ ಕಡೆ ಹೋಗುತ್ತಾರೆ. ಹತ್ತಿರದ ಮನೆಯವರು ಎಂಟು ಗಂಟೆಗೂ ಬಂದಾರು.

ಮಳೆಗಾಲದ ಜ್ವರಕ್ಕೆ ಬೇರೆಯೇ ಏರ್ಪಾಡು ಬೇಕು. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಮೂರನ್ನೂ ಮನಸ್ಸಿನಲ್ಲಿಟ್ಟು ರಕ್ತ ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಬೆಳಿಗ್ಗೆ 11ರ ಒಳಗೆ ಕೊಟ್ಟ ರಕ್ತದ ವರದಿ ಸಂಜೆ ಐದಕ್ಕೆ ನಿಮ್ಮ ಫೋನಿಗೆ ಬರುವಂತೆ ಲ್ಯಾಬಿನವರೊಡನೆ ಮಾತಾಡಿಕೊಳ್ಳಿ. ಮರುದಿನ ಮತ್ತೆ ಬರುವುದು ತಪ್ಪಿ ರೋಗಿಗೆ ಒಂದು ದಿನದ ಕೂಲಿ ಉಳಿಯುತ್ತದೆ. ಲ್ಯಾಬಿನಿಂದ ಕಮಿಷನ್ ಮಾತ್ರ ಬೇಡ. ಅದು ವೃತ್ತಿ ನಿಯಮಕ್ಕೇ ವಿರುದ್ಧ, ರೋಗಿಯ ಕಿಸೆಯಿಂದ ಕದ್ದ ಹಾಗೆಯೇ.

ಹೆಚ್ಚು ನಷ್ಟವಾಗುವುದು ಫ್ರಿಜ್ಜಿನಲ್ಲಿ. ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಕರೆಂಟು ಹೋಗಿ ಬಿಸಿಯಾಗುವುದನ್ನು ಎಲ್ಲರೂ ಗಮನಿಸುತ್ತಾರೆ, ಹೆಪ್ಪುಗಟ್ಟುವುದನ್ನು ಗಮನಿಸುವುದಿಲ್ಲ. ಹೆಪಟೈಟಿಸ್ ಬಿ, ಟಿಟಿ (ಧನುರ್ವಾಯು), ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಕೆಲಸಕ್ಕೆ ಬಾರವು, ಎಸೆಯಲೇಬೇಕು. ಫ್ರೀಜರ್‌ಗೆ ತಾಗಿಸಿ ಇಡಬೇಡಿ, ಬಾಗಿಲಿನಲ್ಲೂ ಇಡಬೇಡಿ. ಬಾಗಿಲಿನಲ್ಲಿ ಮತ್ತು ಕೆಳಗಿನ ತಟ್ಟೆಯಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟರೆ ಕರೆಂಟು ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ದಿನಕ್ಕೆರಡು ಸಲ ಬರೆಯಿರಿ. ಸಣ್ಣ ಇನ್ವರ್ಟರಿಗೆ ಫ್ರಿಜ್ ಜೋಡಿಸಿದರೆ ಕಂಪ್ರೆಸರ್ ಶುರುವಾಗುವ ಕ್ಷಣದ ಎಳೆತಕ್ಕೆ ಟ್ರಿಪ್ ಆಗುತ್ತದೆ. ಶನಿವಾರ ರಾತ್ರಿ ಹೀಗಾದರೆ ಗೊತ್ತಾಗುವುದು ಸೋಮವಾರ. ಆಟಿ ತಿಂಗಳ (ಜುಲೈ-ಆಗಸ್ಟ್ ಮಳೆಗಾಲದ) ತೇವಕ್ಕೆ ಶುಗರ್ ಸ್ಟ್ರಿಪ್‌ಗಳೂ ಹಾಳಾಗಿ ತಪ್ಪು ಅಂಕಿ ತೋರಿಸುತ್ತವೆ. ಡಬ್ಬಿಯಿಂದ ತೆಗೆದ ಕೂಡಲೇ ಮುಚ್ಚಳ ಹಾಕಬೇಕು. ಇಸಿಜಿಯ ಥರ್ಮಲ್ ಕಾಗದ ಮಸುಕಾಗುವ ಮೊದಲು ಫೋಟೋ ತೆಗೆದಿಡಿ.

ಮದ್ದು ಕೈಯಿಂದಲೇ ಕೊಡುವವರು "ಹತ್ತಕ್ಕೆ ಒಂದು ಉಚಿತ" ಎನ್ನುವ ಸ್ಕೀಮಿಗೆ ಮರುಳಾಗಬಾರದು. ಅದು ಸುಮಾರು 9 ಶೇಕಡಾ ರಿಯಾಯಿತಿ ಅಷ್ಟೆ. ಹನ್ನೊಂದರಲ್ಲಿ ಒಂದು ಎಕ್ಸ್‌ಪೈರಿ ಆದರೆ ಲಾಭ ಸೊನ್ನೆ, ಎರಡಾದರೆ ಕೈಯಿಂದ ಹೋಯಿತು. ಒಂದು ತಿಂಗಳಿಗೆ ಸಾಕಾಗುವಷ್ಟೇ ತರಿಸಿ. ಬೇಗ ಅವಧಿ ಮುಗಿಯುವುದನ್ನು ಮುಂದೆ ಜೋಡಿಸಿ. ಅವಧಿ ಮುಗಿಯಲು ಮೂರು ತಿಂಗಳಷ್ಟೇ ಉಳಿದವಕ್ಕೆ ಕೆಂಪು ಗುರುತು ಹಾಕಿ, ವಾಪಸ್ ತೆಗೆದುಕೊಳ್ಳುವ ಷರತ್ತನ್ನು ಡಿಸ್ಟ್ರಿಬ್ಯೂಟರ್ ಹತ್ತಿರ ಖರೀದಿಗೆ ಮೊದಲೇ ಕೇಳಿಡಿ.

ಕೌಂಟರಿನ ಕ್ಯೂಆರ್ ಕ್ಲಿನಿಕ್ ಹೆಸರಿನ ಖಾತೆಯದ್ದಾಗಿರಲಿ. ರಾತ್ರಿ ಬೀಗ ಹಾಕುವ ಮೊದಲು ಟೋಕನ್ ಸಂಖ್ಯೆಗೂ, ನಗದು ಮತ್ತು ಯುಪಿಐ ಮೊತ್ತಕ್ಕೂ ತಾಳೆ ನೋಡಿ. ವಾರದ ಕೊನೆಗೆ ನೋಡಿದರೆ ವ್ಯತ್ಯಾಸ ಎಲ್ಲಿ ಬಂತೆಂದು ಯಾರಿಗೂ ನೆನಪಿರುವುದಿಲ್ಲ.

ಮರುಭೇಟಿಯ ಫೀಸು ಕೌಂಟರಿನಲ್ಲಿ ದಿನಾ ಜಗಳಕ್ಕೆ ಕಾರಣ. ಅದೇ ಕಾಯಿಲೆಗೆ ಏಳು ದಿನದೊಳಗೆ ಬಂದರೆ ಫೀಸಿಲ್ಲ ಎಂದು ನಿರ್ಧರಿಸಿದ್ದರೆ, ಆ ಕೊನೆಯ ತಾರೀಕನ್ನು ಡಾಕ್ಟರೇ ಚೀಟಿಯ ಮೇಲೆ ಬರೆಯಲಿ, ದರಪಟ್ಟಿಯಲ್ಲೂ ಇರಲಿ. ಎಂಟನೆಯ ದಿನ ಬಂದವರಿಗೆ ಬಿಡಬೇಕೋ ಬೇಡವೋ ಎನ್ನುವುದನ್ನು ಕೌಂಟರಿನಲ್ಲಿ ಕೂತವರ ತಲೆಗೆ ಕಟ್ಟಬೇಡಿ, ಒಳಗೆ ಕಳಿಸಲು ಹೇಳಿ.