ರಸೆಲ್ ಸ್ಟ್ರೀಟಿನ ಶಾಲೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬರ್ಕ್ಲಿಗೆ ಹೋದವರು ವಿಶ್ವವಿದ್ಯಾಲಯ ನೋಡಿಕೊಂಡು ಬರುತ್ತಾರೆ. ನನಗೆ ನೋಡಬೇಕಿದ್ದದ್ದು ಒಂದು ಪ್ರಾಥಮಿಕ ಶಾಲೆ. ಆಶ್‌ಬಿ ನಿಲ್ದಾಣದಲ್ಲಿ ರೈಲು ಇಳಿದು, ಅಕ್ಕನ ಮಗಳ ಜೊತೆ ರಸೆಲ್ ಸ್ಟ್ರೀಟಿಗೆ ನಡೆದೆ. ಭಾನುವಾರ, ಗೇಟು ಹಾಕಿತ್ತು. ಹೊರಗೇ ನಿಂತು ಹೆಸರು ಓದಿದೆವು: ಸಿಲ್ವಿಯಾ ಮೆಂಡೆಜ್ ಶಾಲೆ.

2018ರವರೆಗೆ ಇದು ಲೆ ಕಾಂಟ್ ಶಾಲೆ. ಜಾನ್ ಮತ್ತು ಜೋಸೆಫ್ ಲೆ ಕಾಂಟ್ ಅಣ್ಣತಮ್ಮಂದಿರು 1869ರಲ್ಲಿ ಇಲ್ಲಿನ ಹೊಸ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದವರು. ಅಣ್ಣ ಮುಂದೆ ಅದರ ಅಧ್ಯಕ್ಷನಾದ. ತಮ್ಮ ಹೆಸರಾಂತ ಭೂವಿಜ್ಞಾನಿ. ಊರಲ್ಲಿ ಈ ಮನೆತನದ ಹೆಸರಿನ ರಸ್ತೆ ಈಗಲೂ ಇದೆ. ಆದರೆ ಜಾರ್ಜಿಯಾದಲ್ಲಿ ಇವರದು ಗುಲಾಮರನ್ನು ದುಡಿಸಿಕೊಂಡ ಜಮೀನ್ದಾರರ ಮನೆ. ಕಪ್ಪುಜನ ಕೀಳೆಂದು ಜೋಸೆಫ್ ಬರೆದದ್ದೂ ಇದೆ. ಅಂಥ ಹೆಸರನ್ನು ಮಕ್ಕಳ ಶಾಲೆಯ ಮೇಲಿಂದ ಇಳಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಮೆಂಡೆಜ್ ಮನೆಯವರು ಬರ್ಕ್ಲಿಯವರಲ್ಲ. ಅವರ ಊರು ವೆಸ್ಟ್‌ಮಿನ್‌ಸ್ಟರ್, ಇಲ್ಲಿಂದ ದಕ್ಷಿಣಕ್ಕೆ ರಸ್ತೆಯಲ್ಲಿ 600 ಕಿ.ಮೀ.ಗೂ ಜಾಸ್ತಿ. ಯುದ್ಧಕಾಲದಲ್ಲಿ ಸರ್ಕಾರ ಬಂಧನ ಶಿಬಿರಕ್ಕೆ ಅಟ್ಟಿದ್ದ ಒಂದು ಜಪಾನಿ ಸಂಸಾರದ ಜಮೀನನ್ನು ಗುತ್ತಿಗೆಗೆ ಹಿಡಿದು ಬೇಸಾಯ ಮಾಡುತ್ತಿದ್ದರು. 1943ರಲ್ಲಿ ಸೋದರತ್ತೆ ತನ್ನ ಮಕ್ಕಳ ಜೊತೆ ಸಿಲ್ವಿಯಾ ಮತ್ತು ಅವಳ ತಮ್ಮಂದಿರನ್ನೂ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಳು. ಅತ್ತೆಯ ಮಕ್ಕಳ ಬಣ್ಣ ಬೆಳ್ಳಗೆ. ಅವರನ್ನು ಸೇರಿಸಿಕೊಳ್ಳುತ್ತೇವೆ, ಇವರು ಮೆಕ್ಸಿಕನ್ ಮಕ್ಕಳ ಶಾಲೆಗೆ ಹೋಗಲಿ ಎಂದರು. ಹಾಗಾದರೆ ಯಾರೂ ಬೇಡ ಅಂತ ಅತ್ತೆ ಎಲ್ಲರನ್ನೂ ವಾಪಸ್ ಕರೆತಂದಳು.

"ಒಂದೇ ಮನೆ ಮಕ್ಕಳಲ್ವಾ ಚಿಕ್ಕಮ್ಮ?" ಎಂದಳು ಅಕ್ಕನ ಮಗಳು.

ಸಿಲ್ವಿಯಾಳ ಅಪ್ಪ ಗೊನ್ಸಾಲೋ ಸುಮ್ನೆ ಕೂರಲಿಲ್ಲ. 1945ರಲ್ಲಿ ಇನ್ನೂ ನಾಲ್ವರು ತಂದೆಯರ ಜೊತೆ ಸೇರಿ ಕೇಸು ಹಾಕಿದರು. ಆ ಹೊತ್ತಲ್ಲಿ ಜಮೀನು ನೋಡಿಕೊಂಡವರು ಅಮ್ಮ ಫೆಲಿಸಿಟಾಸ್. 1946ರಲ್ಲಿ ಗೆದ್ದರು, 1947ರಲ್ಲಿ ಮೇಲಿನ ಕೋರ್ಟಿನಲ್ಲೂ ಗೆದ್ದರು. ದೇಶದ ಶಾಲೆಗಳಲ್ಲಿ ಜನಾಂಗಭೇದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1954ರಲ್ಲಿ. ಅದಕ್ಕೂ ಏಳು ವರ್ಷ ಮೊದಲಿನ ಮಾತಿದು.

ಈ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಬೇರೆ ಶಾಲೆ ಎಂಬುದು ಕೋರ್ಟಿನಲ್ಲಿ ಅಧಿಕಾರಿಗಳು ಕೊಟ್ಟ ಕಾರಣ. ಈಗ ಈ ಗೇಟಿನೊಳಗೆ ಪಾಠ ನಡೆಯುವುದು ಎರಡು ಭಾಷೆಯಲ್ಲಿ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್.